ಬಾನೆಟ್ ತಣ್ಣಗಿದೆಯಾ? ಹಳೆಯ ಟ್ರಯಂಫ್ ಸ್ಟ್ಯಾಗ್ ಕೊಳ್ಳುವ ಮುನ್ನ ದೋಷ ಹಿಡಿಯುವ ಬಗೆ

ಸ್ಟ್ಯಾಗ್ ಕಾರು ನೋಡಲು ಹೋಗುವಾಗ ಮಾರುವವರಿಗೆ ಫೋನಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ.’ ಹೋದ ಕೂಡಲೇ ಮಾತಿಗೆ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ತಣ್ಣಗಿದ್ದರೆ ಮುಂದಿನ ಕೆಲಸ. ಬೆಚ್ಚಗಿದ್ದರೆ ಟೀ ಕುಡಿದು ಬರುತ್ತೇನೆ, ಇಲ್ಲವೇ ಮರುದಿನ ಬರುತ್ತೇನೆ.

ಇದನ್ನು ದುಡ್ಡು ಕೊಟ್ಟು ಕಲಿತದ್ದು. ಕೆಲವು ವರ್ಷಗಳ ಹಿಂದೆ ನಮ್ಮ ಭಾವನ ಜೊತೆ ಇಂಗ್ಲೆಂಡಿನಲ್ಲಿ ಒಂದು ಸ್ಟ್ಯಾಗ್ ನೋಡಲು ಹೋಗಿದ್ದೆ. ಬಾನೆಟ್ ಬಿಸಿಯಾಗಿತ್ತು. ‘ಈಗ ತಾನೇ ಪೆಟ್ರೋಲ್ ಹಾಕಿಸಿಕೊಂಡು ಬಂದೆ’ ಅಂದರು ಮಾರುವವರು. ನಂಬಿದೆವು. ಎಂಜಿನ್ ಸದ್ದು ಕೇಳಿ ಭಾವ ಮನಸೋತರು, ಕೊಂಡೇಬಿಟ್ಟರು. ಮರುವಾರ ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಮುಂಭಾಗದಲ್ಲಿ ಚೈನು ಗಲಗಲ ಅಂದಿತು. ಹತ್ತು ಸೆಕೆಂಡಾದರೂ ನಿಲ್ಲಲಿಲ್ಲ. ಬಿಸಿ ಎಂಜಿನ್ ಈ ಸದ್ದನ್ನು ಮುಚ್ಚಿಟ್ಟಿತ್ತು. ಆ ಚಳಿಗಾಲವೆಲ್ಲ ಕಾರು ಗ್ಯಾರೇಜಿನಲ್ಲೇ ಕಳೆಯಿತು.

ಹಾಗಾಗಿ ಈ ಬರಹ. ಕಣ್ಣಿಗೆ, ಕಿವಿಗೆ, ಮೂಗಿಗೆ ಸಿಗುವ ಲಕ್ಷಣಗಳಿಂದ ಶುರು ಮಾಡಿ, ಪುಕ್ಕಟೆ ತಪಾಸಣೆ ಮೊದಲು, ದುಬಾರಿಯದು ಆಮೇಲೆ ಅನ್ನುವ ಕ್ರಮದಲ್ಲಿ ಬರೆದಿದ್ದೇನೆ.

ಕಾರಿನ ಬಗ್ಗೆ ಸ್ವಲ್ಪ

ಟ್ರಯಂಫ್ ಸ್ಟ್ಯಾಗ್ 1970ರಲ್ಲಿ ಬಂತು, 1977ರಲ್ಲಿ ನಿಂತಿತು. ಒಟ್ಟು ತಯಾರಾದದ್ದು ಸುಮಾರು 26,000. ಬಾಡಿ ತಯಾರಾಗುತ್ತಿದ್ದದ್ದು ಲಿವರ್‌ಪೂಲ್ ಹತ್ತಿರದ ಸ್ಪೀಕ್‌ನಲ್ಲಿ, ಕಾರು ಪೂರ್ತಿಯಾಗುತ್ತಿದ್ದದ್ದು ಕೊವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಲ್ಲಿ. ವಿನ್ಯಾಸ ಇಟಲಿಯ ಜೊವಾನಿ ಮಿಕೆಲೊಟ್ಟಿ ಅವರದು. ನಾಲ್ಕು ಸೀಟು, ಮೇಲೆ ತೆರೆಯುವ ಹೊದಿಕೆ, ದೂರ ಪ್ರಯಾಣಕ್ಕೆ ಹೇಳಿ ಮಾಡಿಸಿದ ಕಾರು.

ಎಂಜಿನ್ ಟ್ರಯಂಫ್‌ನದೇ 2,997 ಸಿಸಿ ವಿ8, 145 ಅಶ್ವಶಕ್ತಿ. ಸಿಲಿಂಡರ್‌ಗಳಿರುವ ಬ್ಲಾಕ್ ಬೀಡು ಕಬ್ಬಿಣ, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ಗಳು ಅಲ್ಯೂಮಿನಿಯಂ. ಈ ಎರಡು ಲೋಹಗಳು ಒಂದೇ ನೀರಿನಲ್ಲಿ ಬಾಳಬೇಕು. ನೀರಿನಲ್ಲಿ ಕೂಲಂಟ್ (ತುಕ್ಕು ತಡೆಯುವ ಬಣ್ಣದ ದ್ರವ) ಸರಿಯಾಗಿದ್ದರೆ ತೊಂದರೆಯಿಲ್ಲ. ಬರೀ ನಲ್ಲಿ ನೀರು ಹಾಕಿ ಓಡಿಸಿದರೆ ಅಲ್ಯೂಮಿನಿಯಂ ಸವೆದು, ಆ ಪುಡಿ ರೇಡಿಯೇಟರಿನ ತಳದಲ್ಲಿ ಕೂರುತ್ತದೆ. ಜೊತೆಗೆ ಎರಕ ಹೊಯ್ದಾಗ ಉಳಿದ ಮರಳು ಕೆಲವು ಬ್ಲಾಕ್‌ಗಳ ನೀರಿನ ದಾರಿಯಲ್ಲೇ ಇರುತ್ತಿತ್ತು. ವಾಟರ್ ಪಂಪ್ ಇರುವುದು ಎರಡು ಹೆಡ್‌ಗಳ ನಡುವೆ, ಮೇಲ್ಗಡೆ. ನೀರಿನ ಮಟ್ಟ ಸ್ವಲ್ಪ ಇಳಿದರೂ ಪಂಪ್ ಗಾಳಿ ಎಳೆಯಲು ಶುರು ಮಾಡುತ್ತದೆ. ಸ್ಟ್ಯಾಗ್‌ಗೆ ಬಂದ ಕೆಟ್ಟ ಹೆಸರಿನ ಮೂಲ ಇಷ್ಟೇ. ಇದನ್ನು ಅರಿತು ನೋಡಿಕೊಂಡ ಎಂಜಿನ್‌ಗಳು ಇಂದಿಗೂ ಚೆನ್ನಾಗಿ ಓಡುತ್ತಿವೆ.

ಮನೆಯಲ್ಲೇ ಕೂತು ಮಾಡುವ ತಪಾಸಣೆ

ಬ್ರಿಟನ್‌ನಲ್ಲಿ ಕಾರಿನ ನಂಬರ್ ಹಾಕಿದರೆ ಅದರ ಹಳೆಯ ಎಂಒಟಿ (ಪ್ರತಿವರ್ಷದ ಸುರಕ್ಷತಾ) ಪರೀಕ್ಷೆಯ ದಾಖಲೆ ಸರ್ಕಾರದ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಓಡಿದ ಮೈಲಿ, ಫೇಲಾದ ಕಾರಣ, ‘ಸಿಲ್‌ನಲ್ಲಿ ತುಕ್ಕು’ (ಸಿಲ್ ಅಂದರೆ ಬಾಗಿಲಿನ ಕೆಳಗಿನ ಭಾಗ) ಎಂಬ ಎಚ್ಚರಿಕೆ, ಎಲ್ಲ ಅಲ್ಲಿರುತ್ತದೆ. ಒಂದು ವಿಷಯ ನೆನಪಿಡಿ. 2018ರ ಮೇ ತಿಂಗಳಿಂದ, 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಕಾರುಗಳಿಗೆ ಎಂಒಟಿ ಕಡ್ಡಾಯವಲ್ಲ. ಆದ್ದರಿಂದ 2018ಕ್ಕೆ ದಾಖಲೆ ನಿಂತಿದ್ದರೆ ಅದೇ ತಪ್ಪು ಅಂತಲ್ಲ. ಆದರೆ ಕಡ್ಡಾಯವಿಲ್ಲದಿದ್ದರೂ ಪ್ರತಿವರ್ಷ ಪರೀಕ್ಷೆ ಮಾಡಿಸಿದವರ ಕಾರು ಸಿಕ್ಕರೆ ನನಗೆ ಅರ್ಧ ಧೈರ್ಯ ಬರುತ್ತದೆ.

ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಕಾರ್ಖಾನೆ ಬಿಟ್ಟಾಗ ಯಾವ ಬಣ್ಣ, ಯಾವ ಎಂಜಿನ್ ನಂಬರ್ ಇತ್ತು ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಮಾರುವವರ ಬಳಿ ಅದು ಇದ್ದರೆ ಕೇಳಿ ನೋಡಿ.

ಕೈಯಲ್ಲಿ ಇರಬೇಕಾದವು: ಟಾರ್ಚ್, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಹಳೆಯ ಚಾದರ, ದಪ್ಪ ಕೈಗವಸು, ಒಂದು ಬಿಳಿ ಬಟ್ಟೆ ಚೂರು. ಮಳೆ ಬರುತ್ತಿದ್ದರೆ ಇನ್ನೊಂದು ದಿನ ಹೋಗಿ. ಒದ್ದೆ ಪೇಂಟ್ ಮೇಲೆ ಡೊಂಕು, ಪುಟ್ಟಿ ಯಾವುದೂ ಕಾಣುವುದಿಲ್ಲ.

ಲಕ್ಷಣ: ಬಾಗಿಲು ಸರಿಯಾಗಿ ಕೂರುವುದಿಲ್ಲ, ಪೇಂಟ್ ಉಬ್ಬಿದೆ

ಜನ ನೇರ ಎಂಜಿನ್‌ಗೆ ಹೋಗುತ್ತಾರೆ. ನಾನು ಬಾಡಿಯಿಂದ ಶುರು ಮಾಡುತ್ತೇನೆ. ಎಂಜಿನ್ ಕೆಟ್ಟರೆ ಅದಕ್ಕೊಂದು ಲೆಕ್ಕವಿದೆ, ಬಿಚ್ಚಿ ಕಟ್ಟಬಹುದು. ತುಕ್ಕಿಗೆ ಲೆಕ್ಕ ಸಿಗುವುದೇ ಇಲ್ಲ. ಒಂದು ಕಡೆ ಕತ್ತರಿಸಿದರೆ ಅದರ ಪಕ್ಕದ್ದೂ ಹೋಗಿರುತ್ತದೆ.

ಮೊದಲು ಹತ್ತು ಅಡಿ ದೂರ ನಿಂತು ಬಾಗಿಲಿನ ಸುತ್ತಲಿನ ಸಂದು ನೋಡಿ. ಮೇಲಿನಿಂದ ಕೆಳಗಿನ ತನಕ ಒಂದೇ ಅಗಲ ಇರಬೇಕು. ಬಾಗಿಲಿನ ಹಿಂಬದಿಯ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಜಗ್ಗಿದೆ ಎಂದರ್ಥ. ಸ್ಟ್ಯಾಗ್‌ಗೆ ಬೇರೆ ಚಾಸಿಸ್ ಇಲ್ಲ. ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಸಿಲ್‌ಗಳೇ ಭಾರ ಹೊರುವ ಬೆನ್ನುಮೂಳೆ. ಮೇಲೆ ಕಾಣುವ ಟಿ ಆಕಾರದ ಕಂಬಿ ಮುಂದಿನ ಗಾಜಿನ ಚೌಕಟ್ಟಿಗೂ ಹಿಂದಿನ ಕಮಾನಿಗೂ ಸೇರಿ ಬಾಡಿಯನ್ನು ಬಿಗಿ ಮಾಡುತ್ತದೆ. ಆದರೆ ಕೊಳೆತ ಸಿಲ್‌ನ ಕೆಲಸವನ್ನು ಅದು ಮಾಡಲಾರದು.

ಬಾಗಿಲನ್ನು ಅರ್ಧ ತೆರೆದು, ತುದಿ ಹಿಡಿದು ಮೆಲ್ಲಗೆ ಎತ್ತಿ. ಬಾಗಿಲು ಮಾತ್ರ ಕದಲಿದರೆ ಕೀಲು ಸವೆದಿದೆ, ಚಿಕ್ಕ ಕೆಲಸ. ಕೀಲು ಕೂತಿರುವ ಕಂಬವೂ ಜೊತೆಗೆ ಕದಲಿದರೆ ಕಂಬದ ಬುಡ ತುಕ್ಕು ಹಿಡಿದಿದೆ, ದೊಡ್ಡ ಕೆಲಸ.

ಈಗ ಅಯಸ್ಕಾಂತ. ಸಿಲ್ ಉದ್ದಕ್ಕೂ, ಚಕ್ರದ ಕಮಾನುಗಳ ಅಂಚಿಗೆ, ಬಾಗಿಲಿನ ಕೆಳಭಾಗಕ್ಕೆ, ಡಿಕ್ಕಿಯ ನೆಲಕ್ಕೆ ಹಿಡಿಯಿರಿ. ಹಿಡಿತ ಒಮ್ಮೆಲೇ ಸಡಿಲವಾದ ಕಡೆ ಪೇಂಟ್ ಅಡಿ ಪುಟ್ಟಿ ಇದೆ. ಚಕ್ರದ ಕಮಾನಿನಲ್ಲಿ ಅಂಗೈಯಷ್ಟು ಪುಟ್ಟಿ ಇದ್ದರೆ ಬೆಲೆ ಮಾತಾಡಬಹುದು. ಸಿಲ್‌ನಲ್ಲಿ ಇದ್ದರೆ ಹಾಗಲ್ಲ, ಅದು ಕಾರಿನ ಬಲದ ಪ್ರಶ್ನೆ.

ಮ್ಯಾಟ್ ಎತ್ತಿ ನೆಲ ಒತ್ತಿ ನೋಡಿ. ಒದ್ದೆಯಿದ್ದರೆ ನೀರು ಎಲ್ಲಿಂದ ಬಂತು ಹುಡುಕಿ. ಟಿ ಕಂಬಿಯ ರಬ್ಬರ್ ಪಟ್ಟಿ ಅಥವಾ ಮುಂದಿನ ಗಾಜಿನ ರಬ್ಬರ್ ಒಣಗಿದ್ದರೆ ಸುಲಭ. ಗಾಜಿನ ಬುಡದ ಲೋಹವೇ ತೂತಾಗಿದ್ದರೆ ಗಾಜು ತೆಗೆದು, ಡ್ಯಾಶ್ ಬಿಚ್ಚಿ ವೆಲ್ಡಿಂಗ್ ಮಾಡಬೇಕಾಗುತ್ತದೆ. ಒದ್ದೆ ನೀರು ಸಿಹಿ ವಾಸನೆ ಬಂದು ಬೆರಳಿಗೆ ಜಿಡ್ಡಾದರೆ ಅದು ಮಳೆ ನೀರಲ್ಲ. ಹೀಟರ್ ಸೋರುತ್ತಿದೆ, ಕೂಲಂಟ್ ಒಳಗೇ ಬೀಳುತ್ತಿದೆ. ಕೂಲಂಟ್ ವಿಷ. ಮಕ್ಕಳು, ನಾಯಿ, ಬೆಕ್ಕು ಹತ್ತಿರ ಬರದಂತೆ ನೋಡಿಕೊಳ್ಳಿ.

ಕೆಳಗಡೆ ನೋಡಬೇಕೆಂದರೆ ಗ್ಯಾರೇಜಿನ ಲಿಫ್ಟ್ ಮೇಲೆ ಎತ್ತಿಸಿ ನೋಡಿ. ಜಾಕ್ ಒಂದನ್ನೇ ನಂಬಿ ಯಾವತ್ತೂ ಕಾರಿನ ಕೆಳಗೆ ತೂರಬೇಡಿ. ಅದರಲ್ಲೂ ಕೊಳೆತ ಸಿಲ್‌ಗೆ ಜಾಕ್ ಕೊಟ್ಟರೆ ಜಾಕ್ ಒಳಗೇ ನುಗ್ಗಿ ಕಾರು ಕೆಳಗೆ ಬೀಳುತ್ತದೆ. ಲಿಫ್ಟ್ ಮೇಲೆ ಹೊಸ ಕಪ್ಪು ಬಳಿದಿರುವ ಕಡೆ ಹೆಚ್ಚು ಹೊತ್ತು ನಿಲ್ಲಿ. ವೆಲ್ಡಿಂಗ್ ಗೆರೆ ಉದ್ದಕ್ಕೂ ಬಿಡದೆ ಬಂದಿದ್ದರೆ ಒಳ್ಳೆಯ ಕೈ. ತೇಪೆ ಮೇಲೆ ತೇಪೆ ಇದ್ದರೆ ಅಡಿಯಲ್ಲಿ ಹಳೆಯ ತುಕ್ಕು ಹಾಗೇ ಇದೆ.

ಲಕ್ಷಣ: ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಮುಂಭಾಗದಲ್ಲಿ ಗಲಗಲ

ಇದಕ್ಕೇ ಎಂಜಿನ್ ತಣ್ಣಗಿರಬೇಕು ಅಂದದ್ದು.

ಈ ವಿ8ನಲ್ಲಿ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಎರಡು ಉದ್ದನೆಯ ಟೈಮಿಂಗ್ ಚೈನುಗಳಿವೆ, ಒಂದೊಂದು ಹೆಡ್‌ಗೆ ಒಂದೊಂದು. ಎರಡೂ ಒಂದೇ ಸಾಲಿನ ಚೈನು. ಅವನ್ನು ಬಿಗಿ ಹಿಡಿಯುವ ಟೆನ್ಷನರ್ ಎಂಜಿನ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎಣ್ಣೆ ಕೆಳಗಿಳಿದಿರುತ್ತದೆ. ಹಾಗಾಗಿ ಬೆಳಿಗ್ಗೆ ಒಂದೆರಡು ಸೆಕೆಂಡು ಸದ್ದು ಬಂದರೆ ಹೆದರಬೇಕಿಲ್ಲ.

ಅದಕ್ಕಿಂತ ಜಾಸ್ತಿ ಹೊತ್ತು ಬಂದರೆ ಮೊದಲು ಅಗ್ಗದ ಕಾರಣ ನೋಡಿ. ಡಿಪ್‌ಸ್ಟಿಕ್ ಎಳೆದು ಎಣ್ಣೆ ಮಟ್ಟ ನೋಡಿ. ಎಣ್ಣೆ ಯಾವಾಗ ಬದಲಾಯಿಸಿದ್ದು ಕೇಳಿ. ಯಾವ ಫಿಲ್ಟರ್ ಹಾಕಿದ್ದಾರೆ ಕೇಳಿ. ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಒಳ್ಳೆಯ ಫಿಲ್ಟರ್‌ನಲ್ಲಿ ಇರುತ್ತದೆ. ಅದು ಸರಿಯಿಲ್ಲದಿದ್ದರೆ ಪ್ರತಿ ಬೆಳಿಗ್ಗೆ ಚೈನು ಒಣಗಿದಂತೆ ಸದ್ದು ಮಾಡುತ್ತದೆ.

ಎಂಜಿನ್ ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ, ಇಲ್ಲವೇ ಆಕ್ಸಿಲರೇಟರ್ ಬಿಟ್ಟಾಗ ಮತ್ತೆ ಕೇಳಿದರೆ, ಚೈನು ಹಿಗ್ಗಿದೆ. ಸ್ಟ್ಯಾಗ್ ಬಲ್ಲವರು ಸುಮಾರು 25,000ದಿಂದ 30,000 ಮೈಲಿಗೊಮ್ಮೆ ಚೈನು ಬದಲಾಯಿಸಿಬಿಡುತ್ತಾರೆ. ಬಿಲ್ ಇದೆಯಾ ಕೇಳಿ. ‘ಹಿಂದಿನವರು ಮಾಡಿಸಿದ್ದರಂತೆ’ ಅಂದರೆ ಮಾಡಿಸಿಲ್ಲ ಎಂದೇ ಲೆಕ್ಕ ಹಾಕಿ.

ಇಲ್ಲಿ ಒಂದು ಕಡೆ ನಿಲ್ಲಿಸಲೇಬೇಕು. ಬಿಸಿ ಎಂಜಿನ್‌ನಲ್ಲೂ ಚೈನು ಸದ್ದು ಮಾಡುತ್ತಿದ್ದರೆ ಅದನ್ನು ಓಡಿಸಿ ನೋಡಬೇಡಿ, ಟ್ರಕ್ ಮೇಲೆ ಹಾಕಿ ಒಯ್ಯಿರಿ. ಚೈನು ಒಂದು ಹಲ್ಲು ಜಾರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಚೈನು ಬದಲಾಯಿಸುವ ಖರ್ಚು ಆಗ ಪೂರ್ತಿ ಎಂಜಿನ್ ಖರ್ಚಾಗುತ್ತದೆ. ಸ್ಪ್ಯಾನರ್ ಹಾಕಿ ಎಂಜಿನ್ ಅನ್ನು ಹಿಂದಕ್ಕೆ ತಿರುಗಿಸುವುದೂ ಬೇಡ. ಹಿಂದಕ್ಕೆ ತಿರುಗಿದಾಗ ಚೈನಿನ ಸಡಿಲು ಬೇರೆ ಕಡೆಗೆ ಹೋಗಿ ಜಾರುವ ಅಪಾಯವಿದೆ.

ಲಕ್ಷಣ: ಶಾಖದ ಮುಳ್ಳು ಮೇಲೇರುತ್ತದೆ

ಶಿರಾಡಿ ಘಾಟಿಯಲ್ಲಿ ಬಾನೆಟ್ ಎತ್ತಿ, ಆವಿ ಬಿಡುತ್ತ ನಿಂತ ಅಂಬಾಸಿಡರ್‌ಗಳನ್ನು ನೋಡಿ ಬೆಳೆದವರಿಗೆ ಎಂಜಿನ್ ಕುದಿಯುವುದು ಹೊಸದೇನಲ್ಲ. ತಣ್ಣಗಾದ ಮೇಲೆ ನೀರು ಹಾಕಿ ಹೊರಡುತ್ತಿದ್ದರು. ಸ್ಟ್ಯಾಗ್ ವಿಷಯದಲ್ಲಿ ಆ ಅಭ್ಯಾಸ ಬಿಡಬೇಕು. ಅಂಬಾಸಿಡರ್‌ನ ಬೀಡು ಕಬ್ಬಿಣದ ಹೆಡ್ ತಡೆದುಕೊಳ್ಳುತ್ತಿತ್ತು. ಇದರ ಅಲ್ಯೂಮಿನಿಯಂ ಹೆಡ್ ಒಂದೇ ಸಲ ಕುದಿದರೂ ಸೊಟ್ಟಗಾಗಬಹುದು.

ಎಂಜಿನ್ ತಣ್ಣಗಿರುವಾಗ ನೀರು ತುಂಬುವ ಮುಚ್ಚಳ ತೆಗೆದು ಟಾರ್ಚ್ ಬಿಡಿ. ನೀರು ಮೇಲಿನ ತನಕ ಇರಬೇಕು, ಕೂಲಂಟ್‌ನ ತಿಳಿ ಬಣ್ಣ ಇರಬೇಕು. ಕೆಂಪು ಕಂದು ಬಣ್ಣ ಅಂದರೆ ತುಕ್ಕು. ಬಣ್ಣವೇ ಇಲ್ಲ ಅಂದರೆ ಬರೀ ನೀರು. ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಗಂಭೀರ. ಬಿಸಿಯಾಗಿರುವಾಗ ಈ ಮುಚ್ಚಳ ಮುಟ್ಟಲೇಬೇಡಿ. ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮುತ್ತದೆ.

ಮುಚ್ಚಳ ತೆಗೆದೇ ಇಟ್ಟು, ಮುಖ ದೂರ ಹಿಡಿದು, ಸ್ಟಾರ್ಟ್ ಮಾಡಿಸಿ. ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಬಿದ್ದ ಗಾಳಿ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ, ಹೆಡ್ ಮತ್ತು ಬ್ಲಾಕ್ ನಡುವಿನ ಹಾಳೆಯಂಥ ಹೆಡ್ ಗ್ಯಾಸ್ಕೆಟ್ ಹೋಗಿದೆ. ನೀರು ಬೆಚ್ಚಗಾಗುವ ಮೊದಲೇ ಎಂಜಿನ್ ನಿಲ್ಲಿಸಿ ಮುಚ್ಚಳ ಹಾಕಿ. ಮತ್ತೆ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಸುಕಿ, ಫ್ಯಾನಿಗೆ ಕೈ, ಬಟ್ಟೆ, ಕೂದಲು ಸಿಗದಂತೆ. ನೀರು ಇನ್ನೂ ಬಿಸಿಯಾಗದೆ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅದೂ ಗ್ಯಾಸ್ಕೆಟ್ ಕಡೆಗೇ ಬೆರಳು ತೋರಿಸುತ್ತದೆ.

ಆಮೇಲೆ ಓಡಿಸಿ. ಐದು ನಿಮಿಷದ ಸುತ್ತು ಸಾಲದು. ಅರ್ಧ ಗಂಟೆಯಾದರೂ ಬೇಕು. ಹೆದ್ದಾರಿಯಲ್ಲಿ ಸ್ವಲ್ಪ, ಆಮೇಲೆ ಸಿಗ್ನಲ್‌ಗಳಿರುವ ರಸ್ತೆಯಲ್ಲಿ ಸ್ವಲ್ಪ, ಕೊನೆಗೆ ಎಂಜಿನ್ ಚಾಲೂ ಇಟ್ಟು ಹತ್ತು ನಿಮಿಷ ನಿಲ್ಲಿಸಿ. ಮುಳ್ಳು ಯಾವಾಗ ಏರುತ್ತದೆ ಅನ್ನುವುದರಲ್ಲೇ ಕಾರಣ ಅಡಗಿದೆ.

ನಿಂತಾಗ ಏರಿ, ಓಡಿದಾಗ ಇಳಿದರೆ ಗಾಳಿ ಸಾಲುತ್ತಿಲ್ಲ. ಫ್ಯಾನನ್ನು ತಿರುಗಿಸುವ ಜೋಡಣೆ, ಅಂದರೆ ವಿಸ್ಕಸ್ ಕಪ್ಲಿಂಗ್, ಸೋತಿರಬಹುದು. ಎಂಜಿನ್ ನಿಲ್ಲಿಸಿ, ಕೀ ತೆಗೆದು ಫ್ಯಾನ್ ತಿರುಗಿಸಿ ನೋಡಿ. ಬಿಸಿಯಿದ್ದಾಗ ಕೈಗೆ ಸ್ವಲ್ಪ ತಡೆ ಸಿಗಬೇಕು. ಎಲೆಕ್ಟ್ರಿಕ್ ಫ್ಯಾನ್ ಹಾಕಿದ್ದರೆ ಅದು ತಾನಾಗಿ ಶುರುವಾಯಿತಾ ನೋಡಿ. ಇದು ಅಗ್ಗದ ದುರಸ್ತಿ.

ವೇಗವಾಗಿ ಓಡಿದಾಗ ಏರಿದರೆ ನೀರು ಸಾಕಷ್ಟು ಹರಿಯುತ್ತಿಲ್ಲ. ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಸಿಕ್ಕಿಕೊಂಡಿದ್ದರೆ ಅಗ್ಗ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಮಧ್ಯಮ. ಅದನ್ನು ತಿಳಿಯಲು, ಎಂಜಿನ್ ನಿಲ್ಲಿಸಿ, ಅಂಗೈಯನ್ನು ರೇಡಿಯೇಟರಿನ ಹತ್ತಿರ ಹಿಡಿಯಿರಿ, ತಾಗಿಸಬೇಡಿ. ಮೇಲೆ ಸುಡುತ್ತ, ತಳದಲ್ಲಿ ಒಂದೆರಡು ಕಡೆ ತಣ್ಣಗಿದ್ದರೆ ಆ ಜಾಗ ಮುಚ್ಚಿಹೋಗಿದೆ. ಬ್ಲಾಕಿನ ಒಳಗೇ ಕಟ್ಟಿಕೊಂಡಿದ್ದರೆ ದುಬಾರಿ.

ಮುಳ್ಳು ಏರುತ್ತಿದೆ, ಆದರೆ ಹೀಟರ್ ಪೂರ್ತಿ ಹಾಕಿದರೂ ತಣ್ಣನೆ ಗಾಳಿ ಬರುತ್ತಿದೆ. ಈ ಜೋಡಿ ಕಂಡರೆ ನೀರು ಕಡಿಮೆಯಾಗಿದೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ. ಪಂಪ್ ಮೇಲಿರುವುದರಿಂದ ಎರಡೂ ಒಂದೇ ಕಡೆಗೆ ಒಯ್ಯುತ್ತವೆ. ಗಾಡಿ ಪಕ್ಕಕ್ಕೆ ತೆಗೆದು ನಿಲ್ಲಿಸಿ.

ಎಲ್ಲಕ್ಕಿಂತ ಮೋಸ ಮಾಡುವುದು ಇನ್ನೊಂದು. ಏರಿದ ಮುಳ್ಳು ತಾನಾಗಿ ಕೆಳಗಿಳಿದರೆ ‘ಸದ್ಯ, ಸರಿಹೋಯಿತು’ ಅನ್ನಿಸುತ್ತದೆ ಅಲ್ವಾ? ನೀರೇ ಇಲ್ಲದೆ ಸೆನ್ಸರ್ ಆವಿಯಲ್ಲಿ ತೂಗುತ್ತಿದ್ದರೂ ಮುಳ್ಳು ಇಳಿಯುತ್ತದೆ. ಹಾಗೆ ಇಳಿದಾಗ ಕೂಡಲೇ ಎಂಜಿನ್ ಆರಿಸಿ. ಕಡಿಮೆ ಅಂದರೂ ಒಂದು ಗಂಟೆ ಮುಚ್ಚಳದ ತಂಟೆಗೆ ಹೋಗಬೇಡಿ.

ಗ್ಯಾಸ್ಕೆಟ್ ಬಗ್ಗೆ ಅನುಮಾನ ಉಳಿದರೆ ಎರಡು ಪರೀಕ್ಷೆಗಳಿವೆ. ಒಂದು, ರೇಡಿಯೇಟರಿನ ಬಾಯಿಗೆ ಹಿಡಿಯುವ ನೀಲಿ ದ್ರವದ ಪರೀಕ್ಷೆ. ಸಿಲಿಂಡರಿನ ಗ್ಯಾಸ್ ನೀರಿನಲ್ಲಿದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ಇನ್ನೊಂದು, ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ. ಎಂಟು ಸಿಲಿಂಡರಿನ ಅಂಕಿಗಳೂ ಹತ್ತಿರ ಹತ್ತಿರ ಇರಬೇಕು. ಅಕ್ಕಪಕ್ಕದ ಎರಡು ಮಾತ್ರ ಕೆಳಗಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸೀಳಿದೆ. ಇವನ್ನು ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ. ಹೆಡ್ ಬಿಚ್ಚುವ ಕೆಲಸಕ್ಕಂತೂ ಮನೆಯಲ್ಲಿ ಕೈ ಹಾಕಬೇಡಿ. ಹೆಡ್ ಹಿಡಿದಿರುವ ಸ್ಟಡ್‌ಗಳೂ ಬೋಲ್ಟ್‌ಗಳೂ ಒಂದೇ ಕೋನದಲ್ಲಿಲ್ಲ. ಕಬ್ಬಿಣದ ಸ್ಟಡ್ ಅಲ್ಯೂಮಿನಿಯಂಗೆ ಕಚ್ಚಿಕೊಂಡು ಬಿಡುತ್ತದೆ. ಬಲ ಹಾಕಿದರೆ ಹೆಡ್ಡೇ ಹಾಳು. ಸ್ಟ್ಯಾಗ್ ಬಿಚ್ಚಿ ಅನುಭವ ಇರುವವರೇ ಬೇಕು.

ಒಳ್ಳೆಯ ಲಕ್ಷಣಗಳನ್ನೂ ಹೇಳಬೇಕು. ಹೊಸ ರೇಡಿಯೇಟರ್, ಎತ್ತರದಲ್ಲಿ ಕೂರಿಸಿದ ಹೆಚ್ಚುವರಿ ನೀರಿನ ಟ್ಯಾಂಕ್, ನೀರು ಇಳಿದರೆ ದೀಪ ಹೊತ್ತಿಸುವ ಸೆನ್ಸರ್ ಕಂಡರೆ ಈ ಎಂಜಿನ್‌ನ ಸ್ವಭಾವ ಬಲ್ಲವರ ಕಾರು ಅದು. ‘ಮೂಲದಲ್ಲಿ ಇರಲಿಲ್ಲ’ ಅಂತ ಬೆಲೆ ಕಡಿಮೆ ಮಾಡಬೇಡಿ.

ಲಕ್ಷಣ: ಹೊಗೆ, ಎಣ್ಣೆ ದೀಪ

ಚಳಿಯಲ್ಲಿ ಸೈಲೆನ್ಸರಿನಿಂದ ಬಿಳಿ ಆವಿ ಬರುವುದು ಸಹಜ. ಬಿಸಿಯಾದ ಮೇಲೂ ಬಿಳಿ ಹೊಗೆ ದಟ್ಟವಾಗಿ, ಸಿಹಿ ವಾಸನೆಯೊಂದಿಗೆ ಬಂದರೆ ಕೂಲಂಟ್ ಸಿಲಿಂಡರಿನಲ್ಲಿ ಉರಿಯುತ್ತಿದೆ. ನೀಲಿ ಹೊಗೆ ಎಣ್ಣೆಯದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಒಮ್ಮೆ ಬುಸ್ ಎಂದರೆ ವಾಲ್ವ್ ಗೈಡ್ ಸವೆತ. ಒತ್ತಿದಷ್ಟೂ ಹೊತ್ತು ಬಂದರೆ ಪಿಸ್ಟನ್ ರಿಂಗ್. ಕಪ್ಪು ಹೊಗೆಗೆ ಮೊದಲು ಚೋಕ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ.

ಎಣ್ಣೆಯ ಮುಚ್ಚಳದ ಅಡಿ ಬೆಣ್ಣೆಯಂಥ ಬಿಳಿ ಅಂಟು ಕಂಡು ಅನೇಕರು ಗಾಬರಿಯಾಗುತ್ತಾರೆ. ಬರೀ ಅಂಗಡಿ ತನಕ ಓಡುವ ಕಾರಿನಲ್ಲೂ ತೇವದಿಂದ ಅದು ಆಗುತ್ತದೆ. ಡಿಪ್‌ಸ್ಟಿಕ್ ತೆಗೆದು ಬಿಳಿ ಬಟ್ಟೆಗೆ ಒರೆಸಿ. ಎಣ್ಣೆಯೇ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು ಸೇರಿದೆ. ಆಗ ಸ್ಟಾರ್ಟ್ ಮಾಡುವುದೇ ಬೇಡ.

ಪೂರ್ತಿ ಬಿಸಿಯಾದ ಎಂಜಿನ್ ನಿಧಾನ ತಿರುಗುವಾಗ ಎಣ್ಣೆ ದೀಪ ಮಿಣುಕಿ, ತಳದಿಂದ ಗುದ್ದಿದಂಥ ಭಾರವಾದ ಸದ್ದೂ ಬಂದರೆ ಕ್ರ್ಯಾಂಕ್ ಬೇರಿಂಗ್ ಹೋಗಿದೆ. ಅಲ್ಲೇ ಆರಿಸಿ.

ಲಕ್ಷಣ: ಪೆಟ್ರೋಲ್ ವಾಸನೆ, ಪಿಕಪ್ ಇಲ್ಲ

ಪೆಟ್ರೋಲ್ ವಾಸನೆ ಬಂದರೆ ಮೊದಲು ಕೀ ತೆಗೆಯಿರಿ. ಒಸರುವ ಪೈಪ್ ಕಂಡರೆ ಸ್ಟಾರ್ಟ್ ಬೇಡ, ಹತ್ತಿರ ಸಿಗರೇಟ್ ಬೇಡ. ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರ ತನಕ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪಿಗೆ ಅದು ಆಗುವುದಿಲ್ಲ, ಮೆತ್ತಗಾಗಿ ಬಿರುಕು ಬಿಡುತ್ತದೆ. ಎಥನಾಲ್‌ಗೆ ತಾಳುವ ಹೊಸ ಪೈಪ್ ಹಾಕಿಸುವುದು ಚಿಕ್ಕ ಖರ್ಚು. ಕಾರು ಉಳಿಸುವ ಖರ್ಚು ಕೂಡ. ಹಾಕಿಸುವ ತನಕ ಎಥನಾಲ್ ಕಡಿಮೆ ಇರುವ ದುಬಾರಿ ದರ್ಜೆಯ ಪೆಟ್ರೋಲ್ ಹಾಕಿ.

ವಾಸನೆಯಿಲ್ಲ, ಆದರೆ ಎಳೆತ ಕಡಿಮೆ ಅಂದರೆ ಎರಡು ಸ್ಟ್ರಾಂಬರ್ಗ್ ಕಾರ್ಬುರೇಟರ್‌ಗಳ ಒಳಗಿನ ರಬ್ಬರ್ ಡಯಾಫ್ರಮ್ ಹರಿದಿರಬಹುದು. ತೆಳುವಾದ ಹಾಳೆಯಂಥ ಭಾಗ, ಬೆಲೆಯೂ ಕಡಿಮೆ. ಇದನ್ನು ನೋಡದೆ ಎಂಜಿನ್ ಸವೆದಿದೆ ಎಂದು ತೀರ್ಮಾನ ಮಾಡಬೇಡಿ.

ಲಕ್ಷಣ: ತಿರುವಿನಲ್ಲಿ ಹಿಂಭಾಗ ಯಾರೋ ತಳ್ಳಿದಂತೆ ಪಕ್ಕಕ್ಕೆ ಸರಿಯುತ್ತದೆ

ಸ್ಟ್ಯಾಗ್ ಓಡಿಸುವವರೆಲ್ಲ ಬಲ್ಲ ಕುಲುಕು ಇದು. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಅಥವಾ ಮತ್ತೆ ಒತ್ತಿದಾಗ ಹಿಂಬದಿ ಒಮ್ಮೆ ಜರುಗುತ್ತದೆ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟ್‌ಗಳು ಚಕ್ರ ಮೇಲೆ ಕೆಳಗೆ ಹೋದಂತೆ ಉದ್ದ ಗಿಡ್ಡ ಆಗಬೇಕು. ಅದಕ್ಕಾಗಿ ಅವುಗಳಲ್ಲಿ ಒಂದರೊಳಗೊಂದು ಜಾರುವ ಹಲ್ಲುಗಳಿವೆ. ಎಂಜಿನ್ ಎಳೆಯುತ್ತಿರುವಾಗ ಆ ಹಲ್ಲುಗಳು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಎಳೆತ ತಪ್ಪಿದಾಗ ಒಮ್ಮೆಲೇ ಬಿಡುತ್ತವೆ. ಆಗ ಚಕ್ರದ ದಿಕ್ಕು ಒಂದು ಕ್ಷಣ ಬದಲಾಗುತ್ತದೆ.

ಟೈರಿನ ಗಾಳಿ ನೋಡುವುದು ಮೊದಲ ಕೆಲಸ. ಆಮೇಲೆ ಜಾರುವ ಭಾಗಕ್ಕೆ ಗ್ರೀಸ್. ಆಮೇಲೆ ಹಿಂದಿನ ತೋಳುಗಳ ಮತ್ತು ಡಿಫರೆನ್ಷಿಯಲ್‌ನ ರಬ್ಬರ್ ಬುಷ್. ಕೊನೆಗೆ ಹೊಸ ಬಗೆಯ ಸಿವಿ ಜಾಯಿಂಟ್ ಶಾಫ್ಟ್, ಅದು ದುಬಾರಿ, ಆದರೆ ಕುಲುಕು ಪೂರ್ತಿ ಹೋಗುತ್ತದೆ. ಮೆಲ್ಲಗೆ ಜರುಗಿದರೆ ಕಾರು ಬಿಡುವ ಕಾರಣವಲ್ಲ. ಒದ್ದೆ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿದು ಸರಿಪಡಿಸಬೇಕಾದಷ್ಟು ಜರುಗಿದರೆ ಆ ದಿನದ ಓಡಾಟ ಅಲ್ಲಿಗೇ ಸಾಕು.

ಲಕ್ಷಣ: ಓವರ್‌ಡ್ರೈವ್ ಹಿಡಿಯುವುದಿಲ್ಲ, ಗೇರ್ ತಡವಾಗಿ ಬೀಳುತ್ತದೆ

ಓವರ್‌ಡ್ರೈವ್ ಅಂದರೆ ಅದೇ ವೇಗದಲ್ಲಿ ಎಂಜಿನ್ ನಿಧಾನ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್. ಮ್ಯಾನ್ಯುವಲ್ ಕಾರಿನಲ್ಲಿ ಓವರ್‌ಡ್ರೈವ್ ಕೆಲಸ ಮಾಡುವುದು ಮೂರು ಮತ್ತು ನಾಲ್ಕನೇ ಗೇರಿನಲ್ಲಿ ಮಾತ್ರ. ಸ್ವಿಚ್ ಗೇರ್ ಗುಂಡಿಯಲ್ಲೇ ಇದೆ. ಅದರ ಸಣ್ಣ ವೈರ್ ಗೇರ್ ಬದಲಾಯಿಸಿ ಬದಲಾಯಿಸಿ ತುಂಡಾಗುತ್ತದೆ. ‘ಗೇರ್‌ಬಾಕ್ಸ್ ಹೋಗಿದೆ’ ಎಂದು ಅಗ್ಗಕ್ಕೆ ಮಾರಿದ ಕಾರಿನಲ್ಲಿ ಒಂದು ವೈರ್ ಬೆಸುಗೆ ಹಾಕಿ ಸರಿಯಾದದ್ದುಂಟು. ವೈರ್ ಆಮೇಲೆ ವಿದ್ಯುತ್ತಿನಿಂದ ಓವರ್‌ಡ್ರೈವ್ ಹಾಕುವ ಸೊಲೆನಾಯ್ಡ್, ಆಮೇಲೆ ಎಣ್ಣೆ ಮಟ್ಟ. ಇವು ಮೂರೂ ಸರಿಯಿದ್ದರೆ ಮಾತ್ರ ಘಟಕ ಬಿಚ್ಚುವ ಮಾತು.

ಆಟೊಮ್ಯಾಟಿಕ್ ಆದರೆ ಬೋರ್ಗ್ ವಾರ್ನರ್ ಗೇರ್‌ಬಾಕ್ಸ್. ಅದರ ಎಣ್ಣೆ ಕೆಂಪಗಿರಬೇಕು. ಕಂದಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್‌ಗಳು ಸವೆದಿವೆ.

ಬ್ರೇಕ್, ಟೈರ್, ವೈರಿಂಗ್

ಬ್ರೇಕ್ ಪೆಡಲ್ ಒತ್ತಿ ಹಿಡಿದಾಗ ಮೆಲ್ಲನೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಸೋತಿದೆ. ಓಡಿಸಿ ನೋಡುವ ಮಾತು ಬೇಡ. ಹಿಂದಿನ ಡ್ರಮ್ ಬಿಚ್ಚಿದರೆ ದೂಳನ್ನು ಊದಬೇಡಿ, ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2315 ಅಂದರೆ 2015ನೇ ವರ್ಷದ 23ನೇ ವಾರ. ಹತ್ತು ವರ್ಷ ದಾಟಿದ್ದರೆ ಅಚ್ಚು ಎಷ್ಟೇ ಆಳವಿದ್ದರೂ ಹೊಸ ಟೈರಿನ ಬೆಲೆ ಲೆಕ್ಕಕ್ಕೆ ಸೇರಿಸಿ.

ಕಿಟಕಿ ನಿಧಾನ ಏರುವುದು, ದೀಪ ಮಂಕಾಗುವುದು ಹೆಚ್ಚಾಗಿ ಕೊಳೆಯಾದ ಅರ್ಥಿಂಗ್ ತಂತಿ. ಬಿಚ್ಚಿ ಉಜ್ಜಿ ಬಿಗಿದರೆ ಸರಿ. ವೈರ್ ಮೆತ್ತಗಾಗಿ ಕರಗಿದ್ದರೆ, ಫ್ಯೂಸ್ ಜಾಗದಲ್ಲಿ ಬೆಳ್ಳಿ ಕಾಗದ ಸುತ್ತಿದ್ದರೆ ಬ್ಯಾಟರಿ ತಂತಿ ಕಳಚಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಲಕ್ಷಣ: ಬಾನೆಟ್ ಅಡಿ ಬೇರೆ ಎಂಜಿನ್

ಹಿಂದೆ ಎಂಜಿನ್ ಕುದಿದಾಗ ಹಲವರು ಅದನ್ನು ಕಿತ್ತು ರೋವರ್ ವಿ8, ಫೋರ್ಡ್ ವಿ6 ಅಥವಾ ಟ್ರಯಂಫ್‌ನ ಆರು ಸಿಲಿಂಡರ್ ಎಂಜಿನ್ ಹಾಕಿಸಿದರು. ಎರಡು ವಿ8ಗಳನ್ನು ಬೇರೆ ಮಾಡುವುದು ಸುಲಭ. ರೋವರ್‌ನಲ್ಲಿ ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಮುಂದಿದೆ, ಟ್ರಯಂಫ್‌ನದರಲ್ಲಿ ಹಿಂದೆ, ಡ್ಯಾಶ್ ಕಡೆಗೆ. ಬೇರೆ ಎಂಜಿನ್ ಇದ್ದರೆ ಕಾರು ಕೆಟ್ಟದ್ದೇನೂ ಅಲ್ಲ, ರೋವರ್ ಹಾಕಿದ್ದು ಚೆನ್ನಾಗಿಯೇ ಓಡುತ್ತದೆ. ಆದರೆ ಮೂಲ ಎಂಜಿನ್ ಇರುವ ಕಾರಿನ ಬೆಲೆ ಕೊಡಬೇಡಿ. ನೋಂದಣಿ ಪತ್ರದಲ್ಲಿ ಎಂಜಿನ್ ನಂಬರ್ ಬದಲಾಗಿದೆಯಾ ನೋಡಿ.

ಎಲ್ಲಿ ನಿಲ್ಲಿಸಬೇಕು

ಬಾಗಿಲಿನ ಸಂದು ಸೊಟ್ಟ, ಸಿಲ್‌ನಲ್ಲಿ ಪುಟ್ಟಿ, ಲಿಫ್ಟ್ ಮೇಲೆ ಎತ್ತಲು ಮಾರುವವರು ಒಪ್ಪುತ್ತಿಲ್ಲ. ಈ ಮೂರೂ ಸೇರಿದರೆ ನಾನು ಎಂಜಿನ್ ಸದ್ದು ಕೇಳಲೂ ನಿಲ್ಲುವುದಿಲ್ಲ. ಕೇಳಿದರೆ ಮನಸ್ಸು ಸೋಲುತ್ತದೆ.

ಬಾಡಿ ಗಟ್ಟಿಯಿದ್ದು ಎಂಜಿನ್ ಬಗ್ಗೆ ಮಾತ್ರ ಅನುಮಾನವಿದ್ದರೆ ಸ್ಟ್ಯಾಗ್ ಮಾಲೀಕರ ಸಂಘದವರನ್ನು ಕೇಳಿ. ಈ ಎಂಜಿನ್ ಬಿಚ್ಚಿ ಕಟ್ಟುವವರು ನಿಮ್ಮ ಹತ್ತಿರ ಯಾರಿದ್ದಾರೆ ಎಂದು ಅವರು ಹೇಳುತ್ತಾರೆ. ಅಂಥವರಿಗೆ ಅರ್ಧ ದಿನದ ಕೂಲಿ ಕೊಟ್ಟು ಕಂಪ್ರೆಷನ್ ಪರೀಕ್ಷೆ, ನೀಲಿ ದ್ರವದ ಪರೀಕ್ಷೆ ಮಾಡಿಸಿ, ಬರಹದಲ್ಲಿ ತೆಗೆದುಕೊಳ್ಳಿ. ಮುಂಗಡ ಕೊಡುವುದು ಆಮೇಲೆ.

ಭಾವನ ಸ್ಟ್ಯಾಗ್ ಈಗ ಚೆನ್ನಾಗಿದೆ. ಚೈನು ಹೊಸದು, ರೇಡಿಯೇಟರ್ ಹೊಸದು. ಪ್ರತಿ ಭಾನುವಾರ ಬೆಳಿಗ್ಗೆ, ಕೀ ಮುಟ್ಟುವ ಮುಂಚೆ, ಅವರು ಮುಚ್ಚಳ ತೆಗೆದು ನೀರು ನೋಡುತ್ತಾರೆ.